ಸುಣ್ಣದ ಡಬ್ಬ ಕುದಿಸುವ ಬಿಸಿ ಎಲ್ಲಿಂದ ಬಂತು?

ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಬಳಿಯುವ ದಿನ ಅಜ್ಜಿ ಅಂಗಳದಲ್ಲಿ ತಗಡಿನ ಡಬ್ಬ ಇಡುತ್ತಿದ್ದಳು. ಒಳಗೆ ಸುಟ್ಟ ಸುಣ್ಣದ ಕಲ್ಲು, ಮೇಲೆ ನೀರು. ಕೆಳಗೆ ಬೆಂಕಿ ಇಲ್ಲ, ಏನಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಇದ್ದು, ಆಮೇಲೆ ಕಲ್ಲು ಬಿರಿದು ಕೊತಕೊತ ಕುದಿಯೋಕೆ ಶುರು. "ತಮ್ಮಾ, ಹಿಂದ ಸರಿ, ಕಣ್ಣಿಗಿ ಸಿಡೀತದ!" ಅಂತ ಅಜ್ಜಿ ಕೂಗುತ್ತಿದ್ದಳು. ಒಂದು ವರ್ಷ ಡಬ್ಬ ತೂತಾಗಿತ್ತು ಅಂತ ನಾನು ಜಾಣತನ ಮಾಡಿ ಪ್ಲಾಸ್ಟಿಕ್ ಬಕೆಟ್ ತಂದೆ. ಅದರ ತಳ ಮೆತ್ತಗಾಗಿ ಜೋತುಬಿತ್ತು. ಬೈಗುಳ ಬೇರೆ.

ಆ ಬಿಸಿಗೆ ಲೆಕ್ಕ ಇದೆ. ಒಂದು ಮೋಲ್ (ರಸಾಯನಶಾಸ್ತ್ರದವರ ಎಣಿಕೆಯ ಅಳತೆ), ಅಂದರೆ 56 ಗ್ರಾಂ ಸುಟ್ಟ ಸುಣ್ಣ ನೀರಿನ ಜೊತೆ ಸೇರಿದರೆ ಸುಮಾರು 65 ಕಿಲೋಜೂಲ್ ಶಾಖ ಹೊರಬರುತ್ತದೆ. ಒಂದು ಕಿಲೋ ಶುದ್ಧ ಸುಣ್ಣಕ್ಕೆ 1,160 ಕಿಲೋಜೂಲ್. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಕಿಲೋಜೂಲ್ ಸಾಕು, ಹಾಗಾಗಿ 30 ಡಿಗ್ರಿಯಲ್ಲಿರುವ ಹೆಚ್ಚುಕಮ್ಮಿ 4 ಲೀಟರ್ ನೀರನ್ನು ಕುದಿಯುವ ತನಕ ಒಯ್ಯುವಷ್ಟು ಶಾಖ ಒಂದೇ ಕಿಲೋ ಸುಣ್ಣದಲ್ಲಿದೆ. ಪಾಪ, ಬಕೆಟ್ ಏನು ಮಾಡೀತು!

ಈ 65ನ್ನು ಅಳೆಯುವುದು ಸುಲಭ. ಥರ್ಮೋಕೋಲ್ ಲೋಟದಲ್ಲಿ 100 ಗ್ರಾಂ ನೀರು, ಅದಕ್ಕೆ 5 ಗ್ರಾಂ ಸುಣ್ಣ, ಒಂದು ಥರ್ಮಾಮೀಟರ್. ನೀರಿನ ತೂಕ, 4.18, ಏರಿದ ಡಿಗ್ರಿ, ಈ ಮೂರನ್ನು ಗುಣಿಸಿದರೆ 5 ಗ್ರಾಂ ಸುಣ್ಣದ ಶಾಖ ಜೂಲ್ ಲೆಕ್ಕದಲ್ಲಿ ಸಿಗುತ್ತದೆ; ಅದನ್ನು 56 ಗ್ರಾಂಗೆ ಹಿಗ್ಗಿಸಿದರೆ ಮುಗಿಯಿತು. ಲೆಕ್ಕದ ಪ್ರಕಾರ 14 ಡಿಗ್ರಿ ಹತ್ತಿರ ಏರಬೇಕು. ಒಂದಿಷ್ಟು ಶಾಖ ಲೋಟಕ್ಕೆ, ಗಾಳಿಗೆ ಹೋಗುವುದರಿಂದ ಕಡಿಮೆಯೇ ಬರುತ್ತದೆ. (ಮಾಡುವುದಾದರೆ ಕನ್ನಡಕ ಹಾಕಿಕೊಂಡೇ ಮಾಡಿ, ಅಜ್ಜಿ ಹೇಳಿದ್ದು ತಮಾಷೆಗಲ್ಲ.)

ಆದರೆ ಈ ಶಾಖ ಕಲ್ಲಿನೊಳಗೆ ಬಂದಿದ್ದು ಹೇಗೆ? ಭಟ್ಟಿಯಿಂದ. ಶಹಾಬಾದ್, ವಾಡಿ, ಸೇಡಂ ಕಡೆ ನೆಲದಡಿ ಸಿಗೋದೆಲ್ಲ ಸುಣ್ಣದ ಕಲ್ಲು. ನಮ್ಮ ಮನೆಗೆ ಹಾಸುವ ಫರಸಿ ಅದೇ, ಸಿಮೆಂಟಿಗೆ ಹೋಗುವುದೂ ಅದೇ. ಅದನ್ನು ಸುಮಾರು 900 ಡಿಗ್ರಿಗೆ ಕಾಯಿಸಿದರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ 100 ಗ್ರಾಂ ಕಲ್ಲಿಗೆ (ಸುಟ್ಟ ಮೇಲೆ ಉಳಿಯುವುದು ಅದೇ 56 ಗ್ರಾಂ ಸುಣ್ಣ) 178 ಕಿಲೋಜೂಲ್ ಶಾಖ ನಾವೇ ಕೊಡಬೇಕು. ಕೊಟ್ಟರೆ ಪ್ಲಸ್, ಹೊರಬಂದರೆ ಮೈನಸ್. ಪರೀಕ್ಷೆಯಲ್ಲಿ ಹುಡುಗರು ಎಡವುವುದು ಇಲ್ಲೇ. ತೊಗರಿ ಅಡತಿ (ದಲ್ಲಾಳಿ ಅಂಗಡಿ) ಖಾತೆಯಂತೆ ನೋಡಿದರೆ ಗೊಂದಲ ಇಲ್ಲ: ಖಾತೆ ಕಲ್ಲಿನದು, ನಮ್ಮದಲ್ಲ.

ಹಾಗಾದರೆ ಭಟ್ಟಿಯಲ್ಲಿ 178 ಜಮಾ ಆಯಿತು, ಡಬ್ಬದಲ್ಲಿ ಬರೀ 65 ಖರ್ಚಾಯಿತು. ಉಳಿದ 113 ಎಲ್ಲಿ?

ಗೋಡೆಯಲ್ಲಿ. ಬಳಿದ ಸುಣ್ಣ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ, ಕುಡಿದ ನೀರನ್ನೂ ಬಿಟ್ಟುಕೊಡುತ್ತದೆ. ಹೊರಟಲ್ಲಿಗೇ ಬಂದು ನಿಂತ ಮೇಲೆ ಖಾತೆ ಸೊನ್ನೆ ಆಗಲೇಬೇಕು, ಅಲ್ವಾ? ಯಾವ ದಾರಿಯಲ್ಲಿ ಹೋದರೂ, ಎಷ್ಟು ಹಂತದಲ್ಲಿ ಹೋದರೂ ಒಟ್ಟು ಶಾಖದ ಲೆಕ್ಕ ಒಂದೇ ಅಂತ 1840ರಲ್ಲಿ ಹೇಳಿದವನು ರಸಾಯನಶಾಸ್ತ್ರಜ್ಞ ಜರ್ಮೇನ್ ಹೆಸ್. ಹುಟ್ಟಿದ್ದು ಜಿನೀವಾದಲ್ಲಿ, ಕೆಲಸ ಮಾಡಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಶಕ್ತಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಅನ್ನುವ ಮಾತು ಗಟ್ಟಿಯಾಗಿ ನೆಲೆಯೂರುವ ಮೊದಲೇ ಅವನು ಇದನ್ನು ಕಂಡುಕೊಂಡಿದ್ದ. ನನಗೆ ಇವನ ನಿಯಮ ಇಷ್ಟ ಆಗೋದು ಇದಕ್ಕೇ: ಗೋಡೆಗೆ ಥರ್ಮಾಮೀಟರ್ ಹಚ್ಚಿ ಕೂತರೂ ಸಿಗದ ಉತ್ತರ, 178ರಲ್ಲಿ 65 ಕಳೆದರೆ ಸಿಗುತ್ತದೆ.

ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಈ 113ರ ಲೆಕ್ಕ ಹಿಡಿದರೆ 2,000 ಕಿಲೋಜೂಲ್ ದಾಟುತ್ತದೆ. ಅಷ್ಟು ಸದ್ದು ಮಾಡಿ ಕುದಿದ ಡಬ್ಬಕ್ಕಿಂತ, ಸುಮ್ನೆ ನಿಂತ ಗೋಡೆ ಬಿಡುವ ಶಾಖವೇ ಜಾಸ್ತಿ! ದಿನಗಟ್ಟಲೆ ಹಂಚಿಹೋಗುವುದರಿಂದ ಕೈ ಇಟ್ಟರೆ ಗೊತ್ತಾಗುವುದಿಲ್ಲ, ಅಷ್ಟೇ. ಇನ್ನು ಹಳೇ ಕೋಟೆಗಳ ದಪ್ಪ ಸುಣ್ಣದ ಗಾರೆಯಲ್ಲಿ ಗಾಳಿ ಒಳಗೆ ಹೋಗೋದೇ ಕಷ್ಟ. ಅಲ್ಲಿ ಭಟ್ಟಿಯ ಸಾಲ ತೀರೋಕೆ ವರ್ಷಗಟ್ಟಲೆ ಬೇಕು.