ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಐದನೇ ಕ್ಲಾಸಿನ ಮಕ್ಕಳಿಗೆ ಬೋರ್ಡ್ ಪರೀಕ್ಷೆ ಬೇಕಾ, ಬೇಡ್ವಾ? ಈ ಜಗಳ ನಮ್ಮ ರಾಜ್ಯದಲ್ಲಿ 2023, 2024 ಎರಡೂ ವರ್ಷ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ ಮೆಟ್ಟಿಲೇರಿತು. ಪರೀಕ್ಷೆಗೆ ನಾಲ್ಕೈದು ದಿನ ಇದ್ದಾಗಲೂ ಅದು ನಡೆಯುತ್ತೋ ಇಲ್ಲವೋ ಎಂದು ಮನೆಯವರಿಗೆ ಗೊತ್ತಿರಲಿಲ್ಲ. ಬೇಕು ಅಂದವರಿಗೂ ಬೇಡ ಅಂದವರಿಗೂ ಪರೀಕ್ಷೆ ಅಂದರೆ ಅಳತೆ ಅಷ್ಟೇ. ಪರೀಕ್ಷೆಯಿಂದಲೇ ಕಲಿಯಬಹುದು ಎಂಬ ಮಾತು ಆ ಗಲಾಟೆಯಲ್ಲಿ ಕೇಳಿಸಲೇ ಇಲ್ಲ.

ಅದೇನು ಹೊಸ ಮಾತಲ್ಲ. ನಾವು ಎಷ್ಟು ಬೇಗ ಮರೆಯುತ್ತೇವೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಲೆಕ್ಕ ಕೊಟ್ಟಿದ್ದರು. ಆಮೇಲೆ ಹತ್ತಾರು ವರ್ಷ ಅಲ್ಲೊಂದು ಇಲ್ಲೊಂದು ಪ್ರಯೋಗ ನಡೆದವು, ಶಾಲೆಗಳು ತಮ್ಮ ಪಾಡಿಗೆ ತಾವಿದ್ದವು.

2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಸರಳ ಕೆಲಸ ಮಾಡಿದರು. ಕಾಲೇಜು ಹುಡುಗರಿಗೆ ಒಂದು ಚಿಕ್ಕ ಪಾಠ ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಪಾಠ ನೋಡದೆ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರದೇ ಮೇಲುಗೈ: ಅವರಿಗೆ ನೆನಪಿದ್ದದ್ದು ಶೇಕಡಾ 81, ಬರೆದವರಿಗೆ 75. ವಾರ ಕಳೆದು ಕೇಳಿದಾಗ ಓದಿದವರಲ್ಲಿ ಉಳಿದದ್ದು ಶೇಕಡಾ 42, ಬರೆದವರಲ್ಲಿ 56. ಪರೀಕ್ಷೆಯ ಹಿಂದಿನ ರಾತ್ರಿಯ ಓದು ಯಾಕೆ ಚೆನ್ನಾಗಿ ಹತ್ತಿದಂತೆ ಅನಿಸುತ್ತೆ, ಮುಂದಿನ ವಾರ ಯಾಕೆ ಖಾಲಿ, ಎರಡಕ್ಕೂ ಉತ್ತರ ಇಲ್ಲೇ ಇದೆ. ಮತ್ತೆ ಓದಿದಾಗ ಸಾಲುಗಳು ಪರಿಚಯದ ಮುಖದ ಹಾಗೆ ಕಾಣುತ್ತವೆ. ಮುಖ ನೋಡಿದ ಮಾತ್ರಕ್ಕೆ ಹೆಸರು ನೆನಪಾಗುತ್ತೆ ಅಂತೇನಿಲ್ಲ, ಅಲ್ವಾ? ತಡಕಾಡಿ ಹೊರಗೆ ತಂದದ್ದೇ ಗಟ್ಟಿಯಾಗುತ್ತೆ.

ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಮಗ್ಗಿ ಕೇಳುತ್ತಿದ್ದದ್ದೂ ಇದೇ. ಸಾಲಾಗಿ ಹೇಳಿದರೆ ಒಪ್ಪುತ್ತಿರಲಿಲ್ಲ. ಮಧ್ಯದಲ್ಲಿ ತಡೆದು "ಹದಿಮೂರೇಳ್ಲಿ?" ಅನ್ನುತ್ತಿದ್ದರು. ಎರಡು ಕ್ಷಣ ತಲೆ ಕೆರೆದುಕೊಂಡು ತೊಂಬತ್ತೊಂದು ಅಂದರೆ, ಮರುದಿನ ಮತ್ತೆ ಅದೇ ಪ್ರಶ್ನೆ.

2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಎಂಟನೇ ಕ್ಲಾಸಿನವರೆಗೆ ಯಾರನ್ನೂ ಫೇಲ್ ಮಾಡುವಂತಿಲ್ಲ, ವರ್ಷವಿಡೀ ಮೌಲ್ಯಮಾಪನ. ಆಸೆ ಒಳ್ಳೆಯದೇ ಇತ್ತು. ನಾಲ್ಕು ಎಫ್‌ಎ (ಪಾಠದ ನಡುನಡುವಿನ ಚಿಕ್ಕ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಪರೀಕ್ಷೆ) ಬಂದವು. ಆಗಾಗ ಚಿಕ್ಕ ಚಿಕ್ಕ ಪ್ರಶ್ನೆ, ಅಂತರ ಬಿಟ್ಟು ಮತ್ತೆ ಕೇಳುವುದು: ಕಲಿಕೆಯ ವಿಜ್ಞಾನ ಹೇಳುವುದಕ್ಕೆ ಇದಕ್ಕಿಂತ ಹತ್ತಿರ ಯಾವುದೂ ಬಂದಿರಲಿಲ್ಲ. ಆದರೆ ನಾನು ಕಂಡ ಶಾಲೆಗಳಲ್ಲಿ ಅದು ಚಾರ್ಟ್ ಪೇಪರ್ ಆಯಿತು. ರಾತ್ರಿ ಎಂಟಕ್ಕೆ ಅಪ್ಪ ಅಂಗಡಿಗೆ ಓಡಿ ಚಿತ್ರದ ಹಾಳೆ ತರುವುದು, ಅಮ್ಮ ಅಂಟಿಸುವುದು, ಮಗು ನಿದ್ದೆಗೆ. ಟೀಚರ್‌ಗೆ ಕಾಲಂ ತುಂಬುವುದೇ ಕೆಲಸ. ಮಗುವಿಗೆ ಏನು ನೆನಪಿದೆ ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

2019ರ ತಿದ್ದುಪಡಿ ಐದು ಮತ್ತು ಎಂಟನೇ ಕ್ಲಾಸಿಗೆ ಪರೀಕ್ಷೆಯ ಬಾಗಿಲು ತೆರೆಯಿತು. ಉಳಿದದ್ದು ಕೋರ್ಟಿನ ಕಥೆ.

ಈ ನಡುವೆ ಒಂದು ಹಳ್ಳಿ ಶಾಲೆಯಲ್ಲಿ ಒಬ್ಬ ಟೀಚರ್ ಪಾಠ ಶುರು ಮಾಡುವುದನ್ನು ನೋಡಿದೆ. "ಪುಸ್ತಕ ಮುಚ್ಚಿ. ಹೋದ ವಾರದ ಪಾಠದಲ್ಲಿ ನೆನಪಿರೋದು ಬರೀರಿ." ಐದು ನಿಮಿಷ. ಆಮೇಲೆ ಮಕ್ಕಳೇ ಪುಸ್ತಕ ತೆಗೆದು ತಪ್ಪು ತಿದ್ದಿಕೊಂಡರು. ಅಂಕವಿಲ್ಲ, ರಿಜಿಸ್ಟರ್ ಇಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪೆನ್ಸಿಲ್ ಕಚ್ಚಿಕೊಂಡು ಕಿಟಕಿ ನೋಡುತ್ತಾ ಕೂತಿದ್ದಳು. ಏನೋ ಹೊಳೆದು ಗಬಕ್ಕನೆ ಬಗ್ಗಿ ಬರೆಯತೊಡಗಿದಳು.