ರೇಡಾರ್ ಕೆಟ್ಟದ್ದಕ್ಕೇ ಬಜ್ಪೆಯಲ್ಲಿ ವಿಮಾನ ಬಿದ್ದದ್ದಾ?

ಪ್ರಶ್ನೆ: 2010ರಲ್ಲಿ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ದುಬೈಯಿಂದ ಬಂದ ವಿಮಾನ ಬಿದ್ದ ದಿನ ರೇಡಾರ್ ಕೆಟ್ಟಿತ್ತಂತೆ. ಹಾಗಾದರೆ ತಪ್ಪು ಎಟಿಸಿಯವರದ್ದೇ (ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವವರದ್ದೇ) ಅಲ್ವಾ?

ಇಲ್ಲ ಮಾರಾಯ್ರೆ. ಮೇ ತಿಂಗಳು ಬಂದರೆ ಸಾಕು, ಈ ಪ್ರಶ್ನೆಯೂ ಬರುತ್ತದೆ. ಚಿಕ್ಕದಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಬಿಡಿಸಿಯೇ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ರೇಡಾರ್ ಕೆಟ್ಟಿದ್ದು ನಿಜ. ಮೇ 20ರಿಂದಲೇ ಅದು ಕೆಲಸ ಮಾಡುತ್ತಿರಲಿಲ್ಲ. ವಿಮಾನ ಕೆಂಜಾರಿನ ಕಣಿವೆಗೆ ಬಿದ್ದದ್ದು 22ರ ಬೆಳಿಗ್ಗೆ. ಆದರೆ ‘ರೇಡಾರ್ ಇಲ್ಲದೆ ಪೈಲಟ್‌ಗೆ ದಾರಿಯೇ ಗೊತ್ತಾಗಲಿಲ್ಲ’ ಅನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಆ ರೇಡಾರ್ ಇರುವುದು ನೆಲದಲ್ಲಿ ಕೂತ ಕಂಟ್ರೋಲರ್‌ಗಾಗಿ. ಅವರ ಪರದೆ ಪೈಲಟ್‌ಗೆ ಯಾವತ್ತೂ ಕಾಣುವುದಿಲ್ಲ. ನಿಲ್ದಾಣ ಎಷ್ಟು ದೂರ, ನಾವೆಷ್ಟು ಎತ್ತರ, ಇಳಿಯುವ ಕೋನ ಸರಿಯಿದೆಯಾ ಎನ್ನುವುದೆಲ್ಲ ಕಾಕ್‌ಪಿಟ್ಟಿನಲ್ಲೇ ತಿಳಿಯುತ್ತದೆ. ಅವತ್ತು ರನ್‌ವೇಯ ಐಎಲ್‌ಎಸ್, ಅಂದರೆ ಇಳಿಯುವ ದಾರಿ ತೋರಿಸುವ ರೇಡಿಯೋ ವ್ಯವಸ್ಥೆ, ಸರಿಯಾಗಿತ್ತು. ಮಳೆ ಇರಲಿಲ್ಲ, ಗಾಳಿ ಇರಲಿಲ್ಲ, 6 ಕಿ.ಮೀ. ದೂರದವರೆಗೆ ಕಾಣುತ್ತಿತ್ತು.

ಹಾಗಾದರೆ ರೇಡಾರ್ ಇಲ್ಲದ್ದರಿಂದ ಏನೂ ಆಗಲಿಲ್ಲವಾ? ಆಯಿತು. ಪರದೆಯಲ್ಲಿ ವಿಮಾನ ಕಾಣದಿದ್ದರೆ ಕಂಟ್ರೋಲರ್ ಪೈಲಟ್ ಹೇಳುವ ದೂರ, ಎತ್ತರ ಬರೆದುಕೊಂಡು ಲೆಕ್ಕ ಇಡಬೇಕು. ಆಗ ವಿಮಾನಗಳ ನಡುವೆ ಜಾಸ್ತಿ ಅಂತರ ಬೇಕು. ಸಹ ಪೈಲಟ್ ಸುಮಾರು 130 ನಾಟಿಕಲ್ ಮೈಲು ದೂರದಲ್ಲಿದ್ದಾಗಲೇ ಎತ್ತರ ಇಳಿಸಲು ಅನುಮತಿ ಕೇಳಿದರು. ಸಿಗಲಿಲ್ಲ. 80 ಮೈಲಿಗೆ ಬಂದ ಮೇಲೆ ತಿಳಿಸಿ ಎಂದರು ಕಂಟ್ರೋಲರ್. ಕೊನೆಗೆ 77 ಮೈಲಿನಲ್ಲಿ ಪೈಲಟ್‌ಗಳು ಎತ್ತರ ಇಳಿಸಲು ಶುರು ಮಾಡಿದರು. ಈಗ ಲೆಕ್ಕ ಹಾಕಿ. ಪೈಲಟ್‌ಗಳ ರೂಢಿಯ ಲೆಕ್ಕದಲ್ಲಿ ಒಂದು ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲು ಬೇಕು. ವಿಮಾನ ಇದ್ದದ್ದು 37,000 ಅಡಿಯಲ್ಲಿ. ಅಂದರೆ ಸುಮಾರು 111 ಮೈಲು. ಅವರಿಗೆ ಸಿಕ್ಕಿದ್ದು 77.

ಇಲ್ಲಿಗೆ ಬಂದವರು ‘ನೋಡಿ, ನಾವು ಹೇಳಿದ್ದೇ ಸರಿ’ ಅಂತ ಓದುವುದನ್ನು ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ತಡವಾಗಿ ಅನುಮತಿ ಸಿಗುವುದು ಪೈಲಟ್‌ಗಳಿಗೆ ಹೊಸದಲ್ಲ. ಎತ್ತರ ಕರಗಿಸಲು ದಾರಿಗಳಿವೆ. ಸ್ಪೀಡ್ ಬ್ರೇಕ್ (ರೆಕ್ಕೆಯ ಮೇಲೆ ಗಾಳಿ ತಡೆಯುವ ಹಲಗೆ) ಎತ್ತಬಹುದು, ಚಕ್ರ ಬೇಗ ಬಿಡಬಹುದು. ಇವೆರಡನ್ನೂ ಅವರು ಮಾಡಿದರು. ಅದೂ ಸಾಲದಿದ್ದರೆ ಒಂದು ಸುತ್ತು ಹೊಡೆದು ಬರಬಹುದು. ಅದನ್ನು ಮಾಡಲಿಲ್ಲ.

ಸುಮಾರು ಮೂರೂವರೆ ತಾಸಿನ ಪ್ರಯಾಣದಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆಯಲ್ಲಿದ್ದರು ಎಂದು ಕಾಕ್‌ಪಿಟ್ಟಿನ ಧ್ವನಿಮುದ್ರಣದಿಂದ ತಿಳಿಯಿತು. ರನ್‌ವೇ ತುದಿ ದಾಟುವಾಗ 50 ಅಡಿ ಎತ್ತರದಲ್ಲಿರಬೇಕಿದ್ದ ವಿಮಾನ ಸುಮಾರು 200 ಅಡಿಯಲ್ಲಿತ್ತು. ‘ಗೋ ಅರೌಂಡ್’ (ಇಳಿಯದೆ ಮತ್ತೆ ಮೇಲೇರೋಣ) ಎಂದು ಸಹ ಪೈಲಟ್ ಮೂರು ಸಲ ಎಚ್ಚರಿಸಿದರು. ಕಾಕ್‌ಪಿಟ್ಟಿನ ಎಚ್ಚರಿಕೆ ಉಪಕರಣವೂ ಕೂಗಿತು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ಕಳೆದ ಮೇಲೆ. ಇಳಿದು ಬ್ರೇಕ್ ಹಾಕಿದ ಮೇಲೆ ಮತ್ತೆ ಏರಲು ನೋಡಿದರು. 158 ಜನ ಹೋದರು, ಎಂಟು ಜನ ಉಳಿದರು. ತನಿಖಾ ವರದಿ ಮುಖ್ಯ ಕಾರಣ ಅಂದದ್ದು ಕ್ಯಾಪ್ಟನ್ ಹಟವನ್ನು. ರೇಡಾರ್ ವಿಷಯ ಪೂರಕ ಕಾರಣಗಳ ಜೊತೆಗಿದೆ. ಅಲ್ಲೂ ಪೈಲಟ್‌ಗಳು ಇಳಿಕೆಯನ್ನು ಸರಿಯಾಗಿ ಯೋಜಿಸಲಿಲ್ಲ ಎಂದೇ ಬರೆದಿದೆ.

‘ಕಂಟ್ರೋಲ್ ಟವರ್‌ನವರು ತಡೆಯಬಹುದಿತ್ತಲ್ಲ?’ ಎನ್ನುವವರಿಗೂ ಹೇಳಿಬಿಡುತ್ತೇನೆ. ಐಎಲ್‌ಎಸ್ ದಾರಿಗೆ ಬಂದಿದ್ದೀರಾ ಎಂದು ಟವರ್ ಕೇಳಿತ್ತು. ಹೌದು ಎಂಬ ಉತ್ತರ ಬಂತು. ರನ್‌ವೇಗೆ ಇಳಿಯಬಹುದು ಎಂದು ಟವರ್ ಹೇಳುವುದು ರನ್‌ವೇ ಖಾಲಿ ಇದೆ ಎಂಬ ಅನುಮತಿ, ಇಳಿಯಲೇಬೇಕು ಎಂಬ ಆಜ್ಞೆಯಲ್ಲ. ಬೇಡ ಅನಿಸಿದ ಕ್ಷಣದಲ್ಲಿ ಮೇಲೇರುವ ಹಕ್ಕು ಪೈಲಟ್‌ಗೆ ಯಾವಾಗಲೂ ಇದೆ.

ಹಾಗಂತ ಕಂಟ್ರೋಲರ್‌ಗಳು ತಪ್ಪೇ ಮಾಡುವುದಿಲ್ಲ ಅಂತಲ್ಲ. ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು. ಕಂಟ್ರೋಲರ್ ಒಂದು ಹೇಳಿ, ಡಿಕ್ಕಿ ತಪ್ಪಿಸುವ ಟಿಕಾಸ್ ಉಪಕರಣ ಇನ್ನೊಂದು ಹೇಳಿದರೆ ಪೈಲಟ್ ಯಾರ ಮಾತು ಕೇಳಬೇಕು? 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗನ್ ಮೇಲೆ ಹೀಗೇ ಆಯಿತು. ಜ್ಯೂರಿಕ್‌ನಲ್ಲಿ ಕೆಲಸದಲ್ಲಿದ್ದದ್ದು ಒಬ್ಬರೇ ಕಂಟ್ರೋಲರ್. ಫೋನ್ ಲೈನ್ ದುರಸ್ತಿಯಲ್ಲಿತ್ತು. ಪಕ್ಕದ ಕಾರ್ಲ್ಸ್‌ರೂಹೆ ಕೇಂದ್ರದವರಿಗೆ ಅಪಾಯ ಕಂಡಿತು, ಫೋನ್ ಮಾಡಿದರು, ಸಿಗಲಿಲ್ಲ. ರಷ್ಯಾದ ವಿಮಾನಕ್ಕೆ ಟಿಕಾಸ್ ‘ಏರು’ ಎಂದಿತು, ಕಂಟ್ರೋಲರ್ ‘ಇಳಿಯಿರಿ’ ಎಂದರು. ಆ ಪೈಲಟ್‌ಗಳು ಕಂಟ್ರೋಲರ್ ಮಾತು ಕೇಳಿದರು. ಎದುರಿನ ಸರಕು ವಿಮಾನ ತನ್ನ ಟಿಕಾಸ್ ಹೇಳಿದಂತೆ ಇಳಿಯುತ್ತಿತ್ತು. ಡಿಕ್ಕಿಯಲ್ಲಿ 71 ಜನ ಸತ್ತರು.

ಈಗ ಈ ನಿಯಮದಲ್ಲಿ ಗೊಂದಲಕ್ಕೆ ಜಾಗ ಇಲ್ಲ. ಟಿಕಾಸ್ ಹೇಳಿದರೆ ಪೈಲಟ್ ಅದನ್ನೇ ಕೇಳಬೇಕು, ಹಾಗೆ ಮಾಡುತ್ತಿದ್ದೇನೆ ಎಂದು ಎಟಿಸಿಗೆ ತಿಳಿಸಬೇಕು. ಅಪಾಯ ದಾಟಿತು ಎಂದು ಪೈಲಟ್ ಹೇಳುವವರೆಗೆ ಕಂಟ್ರೋಲರ್ ಆ ವಿಮಾನದ ದಾರಿ ಬದಲಿಸುವಂತಿಲ್ಲ. ಬಜ್ಪೆಗೆ ಬರುವ ವಿಮಾನಕ್ಕೂ ಇದೇ ನಿಯಮ.