ಫುಟ್‌ಪಾತ್ ಕಟ್ಟಲು ದುಡ್ಡಿದೆ, ನೋಡಿಕೊಳ್ಳಲು?

ನಗರ ಸಾರಿಗೆ ಯೋಜನೆ ನನ್ನ ವೃತ್ತಿ. ಹಾಗಾಗಿ ಜನ ನನ್ನನ್ನು ಪದೇ ಪದೇ ಕೇಳುತ್ತಾರೆ: 'ನೆಮ್ಮದಿಯಾಗಿ ನಡೆಯೋಕೆ, ಸೈಕಲ್ ತುಳಿಯೋಕೆ ಒಂದು ದಾರಿ ಮಾಡಿಸಲು ಸರ್ಕಾರದ ಹತ್ತಿರ ದುಡ್ಡಿಲ್ವಾ?'

ದುಡ್ಡಿದೆ. ಆದರೆ ಬಹಳ ಕಡೆ ಫುಟ್‌ಪಾತ್‌ಗೆ ಬಜೆಟ್‌ನಲ್ಲಿ ತನ್ನದೇ ಲೆಕ್ಕ ಶೀರ್ಷಿಕೆ, ಅಂದರೆ ಹಣ ಬೇರೆಯಾಗಿ ತೆಗೆದಿಡುವ ಬಾಬ್ತು, ಇಲ್ಲ. ರಸ್ತೆ ಕಾಮಗಾರಿಯ ಎಸ್ಟಿಮೇಟ್‌ನಲ್ಲಿ (ಅಂದಾಜು ಖರ್ಚಿನ ಪಟ್ಟಿಯಲ್ಲಿ) ಅದು ಒಂದು ಸಾಲು, ಅಷ್ಟೇ. ಹಣ ಕಡಿಮೆ ಬಿದ್ದರೆ ಮೊದಲು ಕತ್ತರಿ ಬೀಳುವುದು ಆ ಸಾಲಿಗೆ. ವಾಹನಗಳಿಗಿಂತ ಜನರ ಓಡಾಟ ಮುಖ್ಯ ಎಂದು ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿತು. ಆ ಮಾತು ಇನ್ನೂ ಎಸ್ಟಿಮೇಟ್‌ವರೆಗೆ ಇಳಿದಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳನ್ನೇ ನೋಡಿ. ನೆಲದಡಿಯ ಕೊಳವೆ, ಕೇಬಲ್‌ಗಳನ್ನೂ ಸೇರಿಸಿ ಇಡೀ ರಸ್ತೆಯನ್ನು ಹೊಸದಾಗಿ ಮಾಡುವ ಯೋಜನೆ ಅದು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಆಗುವಾಗ 'ಫುಟ್‌ಪಾತ್‌ಗೆ ಇಷ್ಟೊಂದು ಖರ್ಚಾ?' ಎಂದು ತುಂಬಾ ಜನ ಕೇಳಿದ್ದರು. ಕಣ್ಣಿಗೆ ಕಾಣುವುದು ಮೇಲಿನ ಕಲ್ಲು ಮಾತ್ರ. ದುಡ್ಡು ಹೆಚ್ಚಾಗಿ ಹೋಗಿದ್ದು ಅದರ ಕೆಳಗೆ. ನೀರಿನ ಕೊಳವೆ, ಒಳಚರಂಡಿ, ಮಳೆನೀರಿನ ಮೋರಿ, ಕರೆಂಟ್ ಮತ್ತು ಇಂಟರ್ನೆಟ್ ಕೇಬಲ್, ಎಲ್ಲಕ್ಕೂ ಅಲ್ಲಿ ಗೊತ್ತಾದ ಜಾಗ ಮಾಡಿದ್ದಾರೆ. ನಾಳೆ ಹೊಸ ಕೇಬಲ್ ಎಳೆಯಬೇಕಾದರೆ ಛೇಂಬರ್ ಮುಚ್ಚಳ ತೆಗೆದರೆ ಸಾಕು. ಈ ವ್ಯವಸ್ಥೆ ಇಲ್ಲದ ಕಡೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಒಬ್ಬರು ಕಲ್ಲು ಹಾಸಿ ಹೋಗುತ್ತಾರೆ, ಇನ್ನೊಬ್ಬರು ಬಂದು ಅಗೆಯುತ್ತಾರೆ, ಮೇಲೆ ಮಣ್ಣು ಸುರಿದು ಹೋಗುತ್ತಾರೆ. ಹಾಗೆ ನೋಡಿದರೆ ಅಗ್ಗದ ಫುಟ್‌ಪಾತೇ ದುಬಾರಿ, ಅಲ್ವಾ?

ಸೈಕಲ್ ಪಥಗಳ ಕಥೆ ಇನ್ನೂ ಕಷ್ಟದ್ದು. ಜಯನಗರದಲ್ಲಿ ಪಥ ಮಾಡಿದ ಮೇಲೆ ಅಲ್ಲಿ ಕಾರುಗಳು ನಿಂತವು. ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಬಂದ ಸೈಕಲ್ ಪಥ ಮೆಟ್ರೊ ಕಾಮಗಾರಿ ಶುರುವಾದಾಗ ಜಾಗ ಕಳೆದುಕೊಂಡಿತು. ಮೈಸೂರಿನ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಟ್ರಿನ್ ಟ್ರಿನ್ 2017ರಲ್ಲಿ 450 ಸೈಕಲ್, 48 ನಿಲ್ದಾಣಗಳೊಂದಿಗೆ ಶುರುವಾಯಿತು. ಅಂಥ ಯೋಜನೆಯಲ್ಲಿ ಸೈಕಲ್ ಕೊಂಡರೆ ಕೆಲಸ ಮುಗಿಯುವುದಿಲ್ಲ. ರಿಪೇರಿ ಇದೆ, ಖಾಲಿಯಾದ ನಿಲ್ದಾಣಕ್ಕೆ ಸೈಕಲ್ ಸಾಗಿಸಬೇಕು, ಸಿಬ್ಬಂದಿಗೆ ಸಂಬಳ ಕೊಡಬೇಕು. ಇದು ತಿಂಗಳು ತಿಂಗಳೂ ಬರುವ ಖರ್ಚು. ಕಟ್ಟುವುದಕ್ಕೆ ಅನುದಾನ ತರುವುದು ಸುಲಭ. ಕೇಂದ್ರ, ರಾಜ್ಯ, ವಿದೇಶಿ ನೆರವು, ಎಲ್ಲವೂ ಅದಕ್ಕೆ ಸಿಗುತ್ತವೆ. ನಿರ್ವಹಣೆ ಮಾತ್ರ ಊರಿನ ತಲೆಯ ಮೇಲೇ ಬೀಳುತ್ತದೆ.

ಸಣ್ಣ ಊರುಗಳಿಗೂ ದಾರಿ ಇದೆ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಪಂಚಾಯಿತಿಗಳಿಗೆ ಶೇ 60 ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿತ್ತು. ಉಳಿದ ಶೇ 40 ಊರಿನ ಅಗತ್ಯಕ್ಕೆ ಬಿಟ್ಟಿತ್ತು. ಶಾಲೆಗೆ ಹೋಗುವ ಮಕ್ಕಳ ಕಾಲುದಾರಿಗಿಂತ ದೊಡ್ಡ ಅಗತ್ಯ ಯಾವುದಿದೆ?

ನೀವು ಅರ್ಜಿ ಕೊಡುವುದಾದರೆ ಬಜೆಟ್ ಮಂಡನೆ ಆದ ಮೇಲೆ ಹೋಗಬೇಡಿ. ಡಿಸೆಂಬರ್, ಜನವರಿಯಲ್ಲೇ ಹೋಗಿ. ಸುಮ್ನೆ 'ಫುಟ್‌ಪಾತ್ ಬೇಕು' ಎಂದು ಬರೆದರೆ ಸಾಲದು. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾರ್ಗಸೂಚಿಯಂತೆ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ದಾಟಬಾರದು ಎಂದು ಬರೆಯಿರಿ. ಎಸ್ಟಿಮೇಟ್ ಪ್ರತಿ ಕೇಳಿ ಪಡೆಯಿರಿ. ದಾರಿಗೆ ಅಡ್ಡವಾದ ಟ್ರಾನ್ಸ್‌ಫಾರ್ಮರ್ ಸ್ಥಳಾಂತರದ ಖರ್ಚು ಅದರಲ್ಲಿದೆಯೇ, ಕೆಲಸ ಮುಗಿದ ಮೇಲಿನ ವರ್ಷಗಳ ನಿರ್ವಹಣೆಗೆ ಹಣ ತೋರಿಸಿದ್ದಾರೆಯೇ ನೋಡಿ. ಇಲ್ಲದಿದ್ದರೆ ಟೆಂಡರ್ ಕರೆಯುವ ಮೊದಲೇ ಲಿಖಿತ ಆಕ್ಷೇಪ ಕೊಡಿ. ಕೆಲಸದ ಆದೇಶ ಹೊರಟ ಮೇಲೆ ಅದನ್ನು ಸೇರಿಸುವುದು ತುಂಬಾ ಕಷ್ಟ.